ವರ್ಸೇಲ್ಸ್ ಅರಮನೆಗೆ ಹೋದ ಮೈಸೂರಿನ ರಾಯಭಾರ
(ಕೋಣನಕುಂಟೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಫ್ರಾನ್ಸಿನ ಅರಸೊತ್ತಿಗೆ ಬಿದ್ದದ್ದಕ್ಕೂ ನಮ್ಮ ಕೋಣನಕುಂಟೆಗೂ ಏನು ಸಂಬಂಧ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬೇಕು. ನೀವು ಇಲ್ಲಿಗೆ ಬಂದ ಕನಕಪುರ ರಸ್ತೆಯಿಂದಲೇ ಆರಂಭಿಸೋಣ. ಈಗ ಮೇಲೆ ಮೆಟ್ರೊ ಓಡುತ್ತದೆ, ಕೆಳಗೆ ವಾಹನಗಳ ಸಾಲು ನಿಂತಿರುತ್ತದೆ. ಕನಕಪುರದ ಹಳೆಯ ಹೆಸರು ಕಾನಕಾನಹಳ್ಳಿ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಹೋದದ್ದು ಕಾನಕಾನಹಳ್ಳಿಯ ದಾರಿಯಲ್ಲಿ. 1799ರ ಮಾರ್ಚ್‌ನಲ್ಲಿ ಜನರಲ್ ಹ್ಯಾರಿಸ್ ಹೋದದ್ದೂ ಅದೇ ದಾರಿಯಲ್ಲಿ. ಶತ್ರುವಿನ ಎತ್ತು ಕುದುರೆಗಳಿಗೆ ಸಿಗಬಾರದೆಂದು ದಾರಿಯ ಮೇವನ್ನು ಟಿಪ್ಪುವಿನ ಕಡೆಯವರೇ ಸುಡುತ್ತಿದ್ದರು. ದಂಡು ಯಾರದೇ ಆಗಲಿ, ನಷ್ಟ ಮಾತ್ರ ಊರಿನ ರೈತನದು.

1799ರ ದಂಡಯಾತ್ರೆಗೆ ಇಂಗ್ಲಿಷರು ಮುಂದಿಟ್ಟ ಮುಖ್ಯ ಕಾರಣ, ಟಿಪ್ಪು ಸುಲ್ತಾನ್ ಫ್ರೆಂಚರೊಡನೆ ಸೇರಿದ್ದಾನೆ ಎಂಬುದು. ಆ ಫ್ರೆಂಚರು ಯಾರು? ಟಿಪ್ಪು ಮೊದಲು ಸ್ನೇಹ ಬಯಸಿದ್ದು ಒಬ್ಬ ದೊರೆಯ ಫ್ರಾನ್ಸಿನೊಡನೆ. ನಡುವೆ ಅದು ಗಣರಾಜ್ಯವಾಯಿತು. ಕೊನೆಗೆ ಟಿಪ್ಪುವಿಗೆ ಕಾಗದ ಬರೆದವನು ಮುಂದೆ ಚಕ್ರವರ್ತಿಯಾಗಲಿದ್ದ ಒಬ್ಬ ಸೇನಾಪತಿ. ಈ ಮೂರು ಫ್ರಾನ್ಸುಗಳಿಂದಲೂ ಮೈಸೂರಿಗೆ ಬಂದದ್ದು ಭರವಸೆಯೇ ಹೊರತು ಸೈನ್ಯವಲ್ಲ. ಆ ಭರವಸೆಯೇ ಮೈಸೂರಿಗೆ ಮುಳುವಾಯಿತು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಸಾಲದಲ್ಲಿ ಮುಳುಗಿದ ಆಸ್ಥಾನ

1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ ಅವನ ಜೊತೆ ಫ್ರೆಂಚ್ ತುಕಡಿಯೊಂದು ಹೋರಾಡುತ್ತಿತ್ತು. ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಶಾಂತಿಯಾಗಿದೆ ಎಂಬ ಸುದ್ದಿ ಬಂದೊಡನೆ ಫ್ರೆಂಚರು ಯುದ್ಧ ನಿಲ್ಲಿಸಿ ಹಿಂದೆ ಸರಿದರು. ಟಿಪ್ಪು ಒಂಟಿಯಾದ. ಇನ್ನು ನಡುವಿನವರನ್ನು ನಂಬದೆ ದೊರೆಯೊಡನೆ ನೇರವಾಗಿ ಮಾತಾಡಬೇಕೆಂದು ಅವನು 1787ರಲ್ಲಿ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗು ಹತ್ತಿಸಿದ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬುವರು ಅವರು. ಸುಮಾರು ಒಂದು ವರ್ಷದ ಪ್ರಯಾಣದ ನಂತರ 1788ರ ಜೂನ್‌ನಲ್ಲಿ ತೂಲೋನ್ ಬಂದರಿನಲ್ಲಿ ಇಳಿದು, ಜುಲೈನಲ್ಲಿ ಪ್ಯಾರಿಸ್ ಸೇರಿದರು. ಅವರನ್ನು ನೋಡಲು ಜನ ಮುಗಿಬಿದ್ದರು. ಪ್ರಸಿದ್ಧ ಕಲಾವಿದೆ ವಿಜೆ ಲೆ ಬ್ರುನ್ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು.

ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರಿಗೆ ದರ್ಶನ ಕೊಟ್ಟ. ಇಂಗ್ಲಿಷರ ವಿರುದ್ಧ ಸೈನಿಕ ಮೈತ್ರಿ ಟಿಪ್ಪುವಿನ ಮುಖ್ಯ ಕೋರಿಕೆ. ಜೊತೆಗೆ ಕುಶಲಕರ್ಮಿಗಳು, ವೈದ್ಯರು, ಗಿಡಗಳ ಬೀಜಗಳೂ ಬೇಕಾಗಿದ್ದವು. ಕುಶಲಕರ್ಮಿಗಳೂ ಪಿಂಗಾಣಿಯ ಉಡುಗೊರೆಗಳೂ ಸಿಕ್ಕವು, ಮೈತ್ರಿ ಸಿಗಲಿಲ್ಲ.

ಏಕೆ ಸಿಗಲಿಲ್ಲ? ಆ ತಿಂಗಳ ತಾರೀಖುಗಳನ್ನು ನೋಡಿದರೆ ಸಾಕು. ಆಗಸ್ಟ್ 8ರಂದು, ಎಂದರೆ ದರ್ಶನಕ್ಕೆ ಎರಡು ದಿನ ಮುಂಚೆ, 1614ರಿಂದ ಸೇರದಿದ್ದ ಎಸ್ಟೇಟ್ಸ್ ಜನರಲ್ ಎಂಬ ಮಹಾಸಭೆಯನ್ನು ಮರುವರ್ಷ ಕರೆಯುವುದಾಗಿ ಲೂಯಿ ಸಾರಿದ್ದ. ಆಗಸ್ಟ್ 16ರಂದು ಬೊಕ್ಕಸದಿಂದ ಕೊಡಬೇಕಾದ ಹಣವನ್ನು ಪೂರ್ತಿಯಾಗಿ ಕೊಡಲಾರೆವೆಂದು ಸರ್ಕಾರವೇ ಒಪ್ಪಿಕೊಂಡಿತು. ನಮ್ಮವರು ಸಹಾಯ ಕೇಳಲು ಹೋದದ್ದು ದಿವಾಳಿಯ ಹೊಸ್ತಿಲಲ್ಲಿ ನಿಂತಿದ್ದ ಮನೆಗೆ!

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಇಂಗ್ಲಿಷರ ಸೊಕ್ಕು ಮುರಿಯಲು ಫ್ರಾನ್ಸ್ ಅಪಾರ ಸಾಲ ಮಾಡಿತ್ತು. 1788ರಲ್ಲಿ ಸರ್ಕಾರದ ಖರ್ಚಿನ ಸುಮಾರು ಅರ್ಧ ಸಾಲಕ್ಕೇ ಹೋಗುತ್ತಿತ್ತು. ತೆರಿಗೆ ಹೆಚ್ಚಿಸೋಣವೆಂದರೆ, ನಮ್ಮಲ್ಲಿ ಸರ್ವಮಾನ್ಯ ಭೂಮಿಗೆ ಕಂದಾಯ ಇಲ್ಲದಿದ್ದಂತೆ ಅಲ್ಲಿ ಪಾದ್ರಿಗಳಿಗೂ ಕುಲೀನ ಮನೆತನಗಳಿಗೂ ಮುಖ್ಯ ತೆರಿಗೆಗಳಿಂದ ವಿನಾಯಿತಿ ಇತ್ತು. ಭಾರವೆಲ್ಲ ರೈತರ, ಸಾಮಾನ್ಯರ ಹೆಗಲ ಮೇಲೆ. ಅದೇ ಜುಲೈ 13ರಂದು ಬಿದ್ದ ಭಾರಿ ಆಲಿಕಲ್ಲು ಮಳೆ ಪ್ಯಾರಿಸ್ ಸುತ್ತಲಿನ ಬೆಳೆಯನ್ನು ನಾಶಮಾಡಿತು. ರೊಟ್ಟಿಯ ಬೆಲೆ ಏರಿತು.

ಮುಂದಿನದು ನೀವು ಶಾಲೆಯಲ್ಲಿ ಓದಿದ್ದೇ. 1789ರ ಮೇ 5ರಂದು ಮಹಾಸಭೆ ಸೇರಿತು. ಜುಲೈ 14ರಂದು ಬ್ಯಾಸ್ಟೀಲ್ ಕೋಟೆ ಬಿತ್ತು. 1792ರಲ್ಲಿ ಜನ ಟ್ಯುಲರೀಸ್ ಅರಮನೆಗೆ ನುಗ್ಗಿ ಲೂಯಿಯ ಅಧಿಕಾರ ಕಿತ್ತುಕೊಂಡದ್ದೂ ಆಗಸ್ಟ್ 10ರಂದೇ, ಮೈಸೂರಿನವರಿಗೆ ದರ್ಶನ ಕೊಟ್ಟು ಸರಿಯಾಗಿ ನಾಲ್ಕು ವರ್ಷಕ್ಕೆ. ಸೆಪ್ಟೆಂಬರ್‌ನಲ್ಲಿ ಅರಸೊತ್ತಿಗೆ ರದ್ದಾಯಿತು. 1793ರ ಜನವರಿ 21ರಂದು ಲೂಯಿಯ ತಲೆ ಗಿಲೊಟಿನ್‌ಗೆ ಬಲಿಯಾಯಿತು.

ಈ ನಡುವೆ ಟಿಪ್ಪು ಮೂರನೆಯ ಯುದ್ಧವನ್ನು ಒಬ್ಬನೇ ಕಾದು ಸೋತಿದ್ದ. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು. 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು. ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು.

ಗಣರಾಜ್ಯದ ನೂರು ಮಂದಿ

1797ರಲ್ಲಿ ಹಾನಿಗೊಂಡ ಹಡಗೊಂದರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಮಂಗಳೂರಿಗೆ ಬಂದ. ಮಾರಿಷಸ್ ದ್ವೀಪದಲ್ಲಿ ಫ್ರೆಂಚ್ ಸೈನ್ಯ ಸಿದ್ಧವಾಗಿದೆ ಎಂದು ಟಿಪ್ಪುವನ್ನು ನಂಬಿಸಿದ. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಒಂದು ಸಂಘ ಕಟ್ಟಿ, ಸ್ವಾತಂತ್ರ್ಯದ ವೃಕ್ಷ ನೆಟ್ಟು, ಸುಲ್ತಾನನನ್ನೇ 'ಪೌರ ಟಿಪ್ಪು' ಎಂದು ಕರೆದರೆಂದು ಆ ಕಾಲದ ಕಾಗದಪತ್ರಗಳು ಹೇಳುತ್ತವೆ. ಅವುಗಳನ್ನು ಪ್ರಕಟಿಸಿದವರು ಇಂಗ್ಲಿಷರು. ಆದ್ದರಿಂದ ಎಷ್ಟನ್ನು ನಂಬಬೇಕೆಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವಿದೆ.

ಟಿಪ್ಪುವಿನ ದೂತರು ಗುಟ್ಟಾಗಿ ಮಾರಿಷಸ್‌ಗೆ ಹೋದರು. ಅಲ್ಲಿ ಸೈನ್ಯವೇ ಇರಲಿಲ್ಲ. ಗವರ್ನರ್ ಮಲಾರ್ಟಿಕ್ ಮಾಡಿದ್ದೇನು? 1798ರ ಜನವರಿ 30ರಂದು, ಟಿಪ್ಪು ಇಂಗ್ಲಿಷರ ವಿರುದ್ಧ ನಮ್ಮ ಮೈತ್ರಿ ಬಯಸಿದ್ದಾನೆ, ಸ್ವಯಂಸೇವಕರು ಮುಂದೆ ಬನ್ನಿ ಎಂದು ಬಹಿರಂಗವಾಗಿ ಡಂಗುರ ಹೊಡೆಸಿದ. ಗುಟ್ಟು ರಟ್ಟಾಯಿತು. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಮಂದಿ ಮಾತ್ರ. ಆದರೆ ಆ ಘೋಷಣೆ ಜೂನ್ ಹೊತ್ತಿಗೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಣ್ಣಿಗೆ ಬಿತ್ತು. ಯುದ್ಧಕ್ಕೆ ಅವನಿಗೆ ಬೇಕಿದ್ದ ನೆಪ ಕೈಗೆ ಸಿಕ್ಕಿತು.

ತಲುಪದ ಕಾಗದ

ಮೂರನೆಯ ಭರವಸೆ ಈಜಿಪ್ಟಿನಿಂದ. 1798ರ ಜುಲೈನಲ್ಲಿ ನೆಪೋಲಿಯನ್ ಬೋನಪಾರ್ಟೆ ಅಲೆಕ್ಸಾಂಡ್ರಿಯಾದಲ್ಲಿ ಇಳಿದ. ಆಗಸ್ಟ್ 1ರಂದು ನೈಲ್ ನದಿಯ ಮುಖದ ಬಳಿ ನೆಲ್ಸನ್ ಅವನ ಹಡಗುಗಳನ್ನು ನಾಶಮಾಡಿದ. ಇನ್ನು ಫ್ರೆಂಚ್ ಸೈನ್ಯ ಭಾರತಕ್ಕೆ ಬರುವುದು ಹೆಚ್ಚು ಕಡಿಮೆ ಅಸಾಧ್ಯವಾಯಿತು. ಈ ಸುದ್ದಿ ಅದೇ ವರ್ಷಾಂತ್ಯದೊಳಗೆ ಕಲ್ಕತ್ತೆಗೂ ತಲುಪಿತ್ತು. ಅಪಾಯ ಕಳೆದ ಮೇಲೂ ವೆಲ್ಲೆಸ್ಲಿ ಯುದ್ಧಸಿದ್ಧತೆ ನಿಲ್ಲಿಸಲಿಲ್ಲ ಎಂಬುದು ಗಮನಾರ್ಹ. ಫ್ರೆಂಚರು ಬಾರದಿರುವಾಗಲೇ ಕೆಲಸ ಮುಗಿಸುವುದು ಅವನಿಗೆ ಅನುಕೂಲವಾಗಿತ್ತು.

1799ರ ಜನವರಿ 25ರಂದು ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ. ದೊಡ್ಡ ಸೈನ್ಯದೊಡನೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ನಿಮ್ಮನ್ನು ಇಂಗ್ಲಿಷರ ನೊಗದಿಂದ ಬಿಡಿಸುವ ಬಯಕೆಯಿದೆ, ನಂಬಿಕಸ್ಥನೊಬ್ಬನನ್ನು ಕಳುಹಿಸಿ ಎಂಬುದು ಅದರ ಸಾರಾಂಶ. ಆ ಪತ್ರ ಶ್ರೀರಂಗಪಟ್ಟಣಕ್ಕೆ ಬರಲೇ ಇಲ್ಲ. ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದಾಗ ನೆಪೋಲಿಯನ್ ಪ್ಯಾಲೆಸ್ಟೈನಿನ ಏಕರ್ ಕೋಟೆಯನ್ನು ಗೆಲ್ಲಲಾರದೆ ಒದ್ದಾಡುತ್ತಿದ್ದ.

ಅಲ್ಲಿಂದ ಆರು ತಿಂಗಳಿಗೆ, ನವೆಂಬರ್ 9ರಂದು, ಅವನು ಪ್ಯಾರಿಸ್‌ನಲ್ಲಿ ಅಧಿಕಾರ ಕಸಿದುಕೊಂಡ. 1804ರ ಡಿಸೆಂಬರ್ 2ರಂದು ಪೋಪ್ ಎದುರಿನಲ್ಲೇ ಕಿರೀಟವನ್ನು ತನ್ನ ಕೈಯಿಂದಲೇ ತಲೆಗಿಟ್ಟುಕೊಂಡು ಚಕ್ರವರ್ತಿಯಾದ. ದೊರೆ ಬೇಡವೆಂದು ರಕ್ತ ಚೆಲ್ಲಿದ ಜನ ಹನ್ನೆರಡು ವರ್ಷದೊಳಗೆ ಚಕ್ರವರ್ತಿಗೆ ಜೈಕಾರ ಹಾಕಿದರು. ಅವನನ್ನು 1815ರಲ್ಲಿ ವಾಟರ್ಲೂನಲ್ಲಿ ಸೋಲಿಸಿದ ವೆಲಿಂಗ್ಟನ್, ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಆಡಳಿತ ನಡೆಸಿದ್ದ ಆರ್ಥರ್ ವೆಲ್ಲೆಸ್ಲಿ. ಗವರ್ನರ್ ಜನರಲ್‌ನ ತಮ್ಮ.

ಇತ್ತ ಮೈಸೂರಿನಲ್ಲಿ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ಸಲ್ಲಬೇಕು, ಕಂಪನಿಯ ಒಪ್ಪಿಗೆಯಿಲ್ಲದೆ ಬೇರೆ ಯೂರೋಪಿಯನ್ನರನ್ನು ಸೇವೆಗೆ ಸೇರಿಸಿಕೊಳ್ಳಬಾರದು ಎಂದು ಕರಾರಾಯಿತು. ಪಾಂಡವಪುರಕ್ಕೆ ಬಹುಕಾಲ ಅಂಟಿಕೊಂಡಿದ್ದ 'ಫ್ರೆಂಚ್ ರಾಕ್ಸ್' ಎಂಬ ಹೆಸರಷ್ಟೇ ಆ ನಂಟಿನ ಗುರುತಾಗಿ ಉಳಿಯಿತು.

ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ನಮ್ಮಲ್ಲಿದ್ದಾರೆ. ಆ ವಾದ ಇಂದಿನ ವಿಷಯವಲ್ಲ. ದೂರದ ರಾಜ್ಯವೊಂದು ನಮ್ಮ ಶತ್ರುವಿಗೆ ಶತ್ರುವಾದ ಮಾತ್ರಕ್ಕೆ ನಮಗೆ ಮಿತ್ರನಾಗುವುದಿಲ್ಲ. ಲೂಯಿಗೆ ತನ್ನ ಬೊಕ್ಕಸದ ಚಿಂತೆ, ಮಲಾರ್ಟಿಕ್‌ಗೆ ತನ್ನ ದ್ವೀಪದ ಚಿಂತೆ, ನೆಪೋಲಿಯನ್‌ಗೆ ತನ್ನ ಕೀರ್ತಿಯ ಚಿಂತೆ. ಅವರ ಮಾತಿನ ಬೆಲೆ ತೆತ್ತವರು ಶ್ರೀರಂಗಪಟ್ಟಣದ ಕೋಟೆಯೊಳಗಿದ್ದವರು ಮತ್ತು ಈ ಕಾನಕಾನಹಳ್ಳಿ ದಾರಿಯಲ್ಲಿ ಮೇವು ಕಳೆದುಕೊಂಡ ಒಕ್ಕಲು ಮಕ್ಕಳು. ಇತಿಹಾಸ ಓದುವಾಗ ಇವರನ್ನೂ ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ.