ಕೆಸುವಿನೆಲೆಯ ಕೊಂಬುಹುಳು, ಇರುಳಿನ ಗಿಡುಗ ಪತಂಗ

(ಬಳಗದ ಮಾಸಿಕ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಜೀವವೈವಿಧ್ಯದ ಮಾತು ಬಂದಾಗಲೆಲ್ಲ ನಾವು ಹುಲಿ, ಸಿಂಗಳೀಕ, ಮಂಗಟ್ಟೆಗಳನ್ನು ನೆನೆಯುತ್ತೇವೆ. ಹಗಲಿನಲ್ಲಿ ಹಾರುವ ಚಿಟ್ಟೆಗಳಿಗೂ ಈಚೆಗೆ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಆದರೆ ಕತ್ತಲಾದ ಮೇಲೆ ನಮ್ಮ ತೋಟ, ಹಿತ್ತಿಲು, ಬೇಣಗಳಲ್ಲಿ ದುಡಿಯುವ ಪತಂಗಗಳನ್ನು ಕೇಳುವವರಿಲ್ಲ. ಅವುಗಳಲ್ಲಿ ಒಂದು ಕುಟುಂಬವನ್ನು, ಇಂಗ್ಲಿಷಿನಲ್ಲಿ ಹಾಕ್‌ಮಾತ್ ಎಂದೂ ಕನ್ನಡದಲ್ಲಿ ಗಿಡುಗ ಪತಂಗವೆಂದೂ ಕರೆಯಬಹುದಾದ ಸ್ಫಿಂಜಿಡೇ ಕುಟುಂಬವನ್ನು, ಇಂದು ನಿಮ್ಮ ಮುಂದಿಡುತ್ತೇನೆ.

ಜಗತ್ತಿನಲ್ಲಿ ಈ ಕುಟುಂಬದ ಸುಮಾರು 1,450 ಪ್ರಭೇದಗಳಿವೆ. ದಪ್ಪ ಮೈ, ಕಿರಿದಾದ ಚೂಪು ರೆಕ್ಕೆ, ಬಾಣದಂತಹ ಹಾರಾಟ ಇವುಗಳ ಲಕ್ಷಣ. ಹೂವಿನ ಮೇಲೆ ಕೂರದೆ, ಅದರ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರಬಲ್ಲವು. ಇಷ್ಟು ಬಿರುಸಾಗಿ ರೆಕ್ಕೆ ಬಡಿಯಲು ಮೈ ಬಿಸಿಯಾಗಬೇಕು. ಆದ್ದರಿಂದ ಹಾರುವ ಮುನ್ನ ಪತಂಗ ಕುಳಿತಲ್ಲೇ ರೆಕ್ಕೆ ನಡುಗಿಸಿ ಎದೆಯ ಸ್ನಾಯುಗಳನ್ನು ಕಾಯಿಸಿಕೊಳ್ಳುತ್ತದೆ. ಇದೇ ಕುಟುಂಬದ ಯುರೋಪಿನ ಒಂದು ಪ್ರಭೇದವು ನಕ್ಷತ್ರದ ಬೆಳಕಿನಲ್ಲಿಯೂ ಹೂವಿನ ಬಣ್ಣವನ್ನು ಗುರುತಿಸುತ್ತದೆಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ನಮಗೆ ಎಲ್ಲವೂ ಬೂದಾಗಿ ಕಾಣುವ ಹೊತ್ತಿನಲ್ಲಿ ಅದಕ್ಕೆ ಲೋಕ ಬಣ್ಣದ್ದಾಗಿಯೇ ಇರುತ್ತದೆ.

ಈ ಪತಂಗಗಳ ಅಧ್ಯಯನಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಉತ್ತರ ಕನ್ನಡದ ಕಾಡುಗಳಲ್ಲಿ ಅಲೆದು, ಕಾರವಾರದಲ್ಲಿ ನೆಲೆಸಿ, 1948ರಲ್ಲಿ ತೀರಿಕೊಂಡರು. ಬೆಲ್ ಮತ್ತು ಮೇಜರ್ ಎಫ್. ಬಿ. ಸ್ಕಾಟ್ ಕೂಡಿ ಬರೆದ ಗಿಡುಗ ಪತಂಗಗಳ ಸಂಪುಟ 1937ರಲ್ಲಿ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಮಾಲೆಯಲ್ಲಿ ಹೊರಬಂದಿತು. ಸತ್ತ ಪತಂಗಕ್ಕೆ ಸೂಜಿ ಚುಚ್ಚಿ ಹೆಸರಿಟ್ಟು ಮುಗಿಸಿದವರಲ್ಲ ಬೆಲ್. ಮರಿಹುಳುಗಳನ್ನು ಹುಡುಕಿ ತಂದು, ಅವು ತಿನ್ನುವ ಸೊಪ್ಪನ್ನೇ ಹಾಕಿ ಸಾಕಿ, ಕೋಶ ಕಟ್ಟಿಸಿ, ಪತಂಗವಾಗುವವರೆಗೂ ಕಾದು ದಾಖಲಿಸಿದರು. ಯಾವ ಹುಳುವಿಗೆ ಯಾವ ಗಿಡ ಎಂಬ ತಿಳಿವಳಿಕೆಗೆ ಆ ಗ್ರಂಥ ಇಂದಿಗೂ ಆಧಾರ.

ಈ ಮರಿಹುಳುಗಳು ನಿಮಗೆ ಅಪರಿಚಿತವಲ್ಲ. ಪತ್ರೊಡೆಗೆಂದು ಕೆಸುವಿನೆಲೆ ಕೊಯ್ಯುವಾಗ ಕೈಗೆ ತಾಗುವ, ರೋಮವಿಲ್ಲದ, ಬಾಲದಲ್ಲೊಂದು ಕೊಂಬು ಹೊತ್ತ ದಪ್ಪ ಹುಳು ಹಿಪೋಶಿಯನ್ ಅಥವಾ ಥೆರೆಟ್ರಾ ಜಾತಿಯ ಪತಂಗದ ಮರಿ. ಗೆಣಸಿನ ಬಳ್ಳಿಯಲ್ಲಿ ಅಗ್ರಿಯಸ್ ಕನ್ವಾಲ್ವುಲೈ, ಕಣಗಿಲೆ ಮತ್ತು ನಂದಿಬಟ್ಟಲಿನಲ್ಲಿ ಹಸಿರು ರೆಕ್ಕೆಯ ಡಾಫ್ನಿಸ್ ನೆರಿಯೈ, ಎಳ್ಳಿನ ಹೊಲದಲ್ಲಿ ಅಕೆರೋನ್ಶಿಯಾ ಸ್ಟಿಕ್ಸ್ ಬೆಳೆಯುತ್ತವೆ. ಕಾಫಿ, ಕೇಪಳ ಮೊದಲಾದ ಗಿಡಗಳಲ್ಲಿ ಬೆಳೆಯುವ ಸೆಫೊನೋಡಿಸ್ ಹೈಲಾಸ್ ಹಗಲಿನಲ್ಲೇ ಹಾರುತ್ತದೆ. ಕೋಶದಿಂದ ಹೊರಬಂದಾಗ ಅದರ ರೆಕ್ಕೆಯ ಮೇಲೆ ಹುಡಿಯಿರುತ್ತದೆ. ಮೊದಲ ಹಾರಾಟದಲ್ಲಿ ಹುಡಿ ಉದುರಿ ರೆಕ್ಕೆ ಗಾಜಿನಂತಾಗುತ್ತದೆ. ನೋಡಿದವರು ದೊಡ್ಡ ದುಂಬಿಯೆಂದೇ ಭಾವಿಸುತ್ತಾರೆ. ಮರಿಹುಳುವಿನ ಕೊಂಬು ಚುಚ್ಚುವುದಿಲ್ಲ, ಅದರಲ್ಲಿ ನಂಜೂ ಇಲ್ಲ.

ಕೃಷಿ ವಿಜ್ಞಾನದ ಪುಸ್ತಕಗಳಲ್ಲಿ ಇವು ಬರುವುದು ಪೀಡೆಗಳ ಪಟ್ಟಿಯಲ್ಲಿ. ಅದು ಸುಳ್ಳಲ್ಲ. ಬೆಳೆದ ಹುಳು ಒಂದೆರಡು ದಿನಗಳಲ್ಲಿ ಗಿಡವೊಂದರ ಎಲೆಗಳನ್ನೆಲ್ಲ ಬೋಳಿಸಬಲ್ಲದು. ಆದರೆ ಅದರ ಮೊಟ್ಟೆಯೊಳಗೆ ಟ್ರೈಕೊಗ್ರಾಮ ಎಂಬ ಸಣ್ಣ ಕಣಜ ತನ್ನ ಮೊಟ್ಟೆಯಿಡುತ್ತದೆ. ಮರಿಹುಳುವಿನ ಮೈಯಲ್ಲಿ ಬೇರೆ ಕಣಜಗಳೂ ಟ್ಯಾಕಿನಿಡ್ ನೊಣಗಳೂ ಬೆಳೆಯುತ್ತವೆ. ಉಳಿದವನ್ನು ಹಕ್ಕಿಗಳು ಹೆಕ್ಕುತ್ತವೆ, ಹಾರುವವನ್ನು ಬಾವಲಿಗಳು ಹಿಡಿಯುತ್ತವೆ. ಮಿಕ್ಕ ಹುಳು ಕಣ್ಣಿಗೆ ಎದ್ದು ಕಾಣುವಷ್ಟು ದೊಡ್ಡದು, ಕೈಯಿಂದಲೇ ಆಯಬಹುದು. ಕೋಶ ಮಣ್ಣಿನಲ್ಲಿರುವುದರಿಂದ ಎಳ್ಳು ಕೊಯ್ದ ಹೊಲವನ್ನು ಆಳವಾಗಿ ಉತ್ತರೆ ಹಕ್ಕಿಗಳಿಗೆ ಹಬ್ಬ. ಹೀಗಿರುವಾಗ ಕೆಸುವಿನ ನಾಲ್ಕು ಎಲೆಗಾಗಿ ಸಿಂಪಡಿಸುವ ವಿಷ ಮೊದಲು ಕೊಲ್ಲುವುದು ಕಣಜವನ್ನು. ಆಮೇಲೆ ನಾವು ಊಟಕ್ಕೆ ಕೊಯ್ಯುವುದೂ ಅದೇ ಎಲೆಯನ್ನು.

ಇನ್ನು ಪತಂಗದ ಕೆಲಸವನ್ನು ನೋಡೋಣ. ಇರುಳಿನಲ್ಲಿ ಅರಳುವ, ಬಿಳಿಯ, ಘಮಘಮಿಸುವ, ಉದ್ದ ಕೊಳವೆಯ ಹೂಗಳು ಈ ಪತಂಗಗಳಿಗಾಗಿಯೇ ರೂಪುಗೊಂಡಂತಿವೆ. 1862ರಲ್ಲಿ ಡಾರ್ವಿನ್ ಮಡಗಾಸ್ಕರಿನ ಒಂದು ಸೀತಾಳೆ ಹೂವಿನ ಅಡಿಯುದ್ದದ ಮಕರಂದ ನಾಳವನ್ನು ನೋಡಿ, ಅಷ್ಟೇ ಉದ್ದ ನಾಲಗೆಯ ಪತಂಗ ಅಲ್ಲಿರಲೇಬೇಕು ಎಂದರು. 1867ರಲ್ಲಿ ವಾಲೇಸ್ ಅದು ಗಿಡುಗ ಪತಂಗವೇ ಆಗಿರುತ್ತದೆಂದರು. 1903ರಲ್ಲಿ ಅಂಥ ಪತಂಗಕ್ಕೆ ವಿಜ್ಞಾನದಲ್ಲಿ ಹೆಸರು ದೊರಕಿತು. ನಮ್ಮ ಘಟ್ಟದ ಹುಲ್ಲುಗಾವಲಿನ ಬಿಳಿ ಹೂವಿನ ಹಬೆನೇರಿಯಾ ಲಾಂಗಿಕಾರ್ನಿಕುಲೇಟಾ ಸೀತಾಳೆಯ ನಾಳವೂ ಹತ್ತು ಸೆಂಟಿಮೀಟರಿನಷ್ಟು ಉದ್ದವಿರುತ್ತದೆ. ಅದರ ತಳದ ಮಕರಂದಕ್ಕೆ ಜೇನ್ನೊಣದ ನಾಲಗೆ ಎಟುಕುವಂತಿಲ್ಲ.

ಇದು ಕಾಡುಹೂವಿನ ಮಾತಷ್ಟೇ ಅಲ್ಲ. ಹಿತ್ತಿಲಿನ ನಾಟಿ ಪಪ್ಪಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಗಂಡು ಹೂವಿನಲ್ಲಿ ಮಕರಂದವಿದೆ, ಹೆಣ್ಣು ಹೂವಿನಲ್ಲಿ ಇಲ್ಲ. ಮುಸ್ಸಂಜೆಯ ಪತಂಗ ಮೋಸಹೋಗಿ ಹೆಣ್ಣು ಹೂವಿಗೂ ಬರಬೇಕು, ಆಗಲೇ ಕಾಯಿ. ಕೀನ್ಯಾದ ಹಳ್ಳಿಗಳಲ್ಲಿ ಪಪ್ಪಾಯಿಗೆ ಪರಾಗಸ್ಪರ್ಶ ಮಾಡುವವರಲ್ಲಿ ಗಿಡುಗ ಪತಂಗಗಳೇ ಮುಖ್ಯವೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಗೆಣಸಿನ ಬಳ್ಳಿಯಲ್ಲಿ ನಾವು ಹೊಸಕುವ ಹುಳುವೇ ನಾಳೆ ಪಪ್ಪಾಯಿಗೆ ಕಾಯಿ ಕೊಡುವ ಪತಂಗವಾಗಬಹುದು. ಪೀಡೆ, ಮಿತ್ರ ಎಂಬ ಎರಡು ಪಟ್ಟಿಗಳು ನಮ್ಮ ಅನುಕೂಲಕ್ಕೆ ಮಾಡಿಕೊಂಡವು. ಜೀವಕ್ಕೆ ಆ ಗೆರೆ ಗೊತ್ತಿಲ್ಲ.

ಜೇನು ಸಾಕುವವರಿಗೆ ಒಂದು ಮಾತು. ಬೆನ್ನಿನ ಮೇಲೆ ತಲೆಬುರುಡೆಯಂತಹ ಗುರುತುಳ್ಳ ಅಕೆರೋನ್ಶಿಯಾ ಪತಂಗ ರಾತ್ರಿ ಪೆಟ್ಟಿಗೆಗೆ ನುಗ್ಗಿ ತುಪ್ಪ ಕುಡಿಯುತ್ತದೆ. ಅದರ ನಾಲಗೆ ಮೋಟು ಮತ್ತು ಗಟ್ಟಿ, ಎರಿಯ ಮುಚ್ಚಳವನ್ನು ಚುಚ್ಚಲು ತಕ್ಕುದು. ಹಿಡಿದರೆ ಕೀಚ್ ಎನ್ನುತ್ತದೆ. ಯುರೋಪಿನಲ್ಲಿ ಇದನ್ನು ಸಾವಿನ ಶಕುನವೆಂದು ಕೊಂದರು. ಪೆಟ್ಟಿಗೆಯ ಬಾಗಿಲನ್ನು ಕಿರಿದುಗೊಳಿಸಿದರೆ ಸಾಕು, ದಪ್ಪ ಮೈಯ ಈ ಕಳ್ಳ ಒಳಬರಲಾರ. ಯುರೋಪಿನ ಇದರ ದಾಯಾದಿ ಆಲ್ಪ್ಸ್ ಪರ್ವತದತ್ತ ನೇರ ದಾರಿ ಹಿಡಿದು ಸುಮಾರು 90 ಕಿ.ಮೀ. ವರೆಗೆ ಹಾರಿದ್ದನ್ನು ರೇಡಿಯೋ ಗುರುತಿನಿಂದ ಹಿಂಬಾಲಿಸಿದವರು 2022ರಲ್ಲಿ ವರದಿ ಮಾಡಿದ್ದಾರೆ.

ಇಷ್ಟು ದೂರ ಹಾರಬಲ್ಲ ಜೀವವನ್ನು ನಾವು ಅಂಗಳದಲ್ಲೇ ಕೊಲ್ಲುತ್ತಿದ್ದೇವೆ. ಮರಿಗೆ ಸೊಪ್ಪು ಬೇಕು, ಕೋಶಕ್ಕೆ ಕದಡದ ಮಣ್ಣು ಮತ್ತು ದರಕು ಬೇಕು, ಪತಂಗಕ್ಕೆ ಹೂವೂ ಕತ್ತಲೆಯೂ ಬೇಕು. ಕಳೆನಾಶಕದಿಂದ ತೋಟದ ಅಡಿಗಿಡಗಳು ಹೋದವು. ತಂತಿಬೇಲಿ ಬಂದು ಜೀವಂತ ಬೇಲಿ ಹೋಯಿತು. ಜೆಸಿಬಿ ಬೇಣದ ಮೇಲ್ಮಣ್ಣನ್ನು ಮಗುಚಿತು. ಈಗ ರಾತ್ರಿಯಿಡೀ ಉರಿಯುವ ಬೆಳ್ಳನೆಯ ಎಲ್‌ಇಡಿ ದೀಪಗಳು ಉಳಿದ ಪತಂಗಗಳನ್ನು ಸೆಳೆದು, ಸುತ್ತಿಸಿ, ದಣಿಸಿ, ಬೆಳಗಾಗುವಷ್ಟರಲ್ಲಿ ಹಲ್ಲಿಗೂ ಕಾಗೆಗೂ ಒಪ್ಪಿಸುತ್ತಿವೆ. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅಪ್ಪಣೆ ಬೇಕಿರಲಿಲ್ಲ, ನಿಲ್ಲಿಸುವುದಕ್ಕೂ ಬೇಕಿಲ್ಲ.

ಆದ್ದರಿಂದ ಬಳಗದ ಮುಂದೆ ನನ್ನ ಸಲಹೆಗಳು ಇಷ್ಟು. ಅಂಗಳದ ದೀಪವನ್ನು ಮಲಗುವಾಗ ಆರಿಸೋಣ. ಬೇಕೇಬೇಕೆಂದರೆ ಹಳದಿ ಬೆಳಕಿನ ದೀಪವನ್ನು ಮುಖ ಕೆಳಗೆ ಮಾಡಿ ಹಾಕೋಣ. ತೋಟದಲ್ಲಿ ಬೆಳಕಿನ ಬಲೆ ಇಡುವವರು ಯಾವ ಕೀಟಕ್ಕಾಗಿ ಇಟ್ಟರೋ ಆ ಕೀಟ ಏಳುವ ಕಾಲ ಮತ್ತು ಹೊತ್ತಿಗೆ ಮಾತ್ರ ಉರಿಸಲಿ. ಬೇಲಿಯಲ್ಲಿ ನಂದಿಬಟ್ಟಲು, ಕೇಪಳ, ಕಾಡುಮಲ್ಲಿಗೆಗಳನ್ನು ಉಳಿಸೋಣ. ಸೊಪ್ಪಿನ ಬೆಟ್ಟದ ದರಕನ್ನು ಪೂರ್ತಿ ಗುಡಿಸದೆ ಒಂದು ಪಾಲನ್ನು ಬಿಡೋಣ. ಕೊನೆಯದಾಗಿ, 2012ರಿಂದ ಪ್ರತಿ ವರ್ಷ ಜುಲೈ ಕೊನೆಯ ಭಾಗದಲ್ಲಿ ಅನೇಕ ದೇಶಗಳ ಜನ ಪತಂಗ ಸಪ್ತಾಹ ಆಚರಿಸುತ್ತಾರೆ. ಆ ವಾರ ನಮ್ಮಲ್ಲಿ ಜಡಿಮಳೆ. ನಮಗೆ ಮಳೆಗಾಲದ ಮೊದಲೂ ಕೊನೆಯೂ ಅನುಕೂಲ. ಬಿಳಿ ಬಟ್ಟೆ ಕಟ್ಟಿ, ಗಂಟೆಯ ಮಟ್ಟಿಗೆ ದೀಪ ಹಚ್ಚಿ, ಬಂದವುಗಳ ಚಿತ್ರ ತೆಗೆದು, ದಿನಾಂಕ ಮತ್ತು ಊರಿನ ಹೆಸರು ಬರೆದಿಡೋಣ. ಶಾಲೆಯ ಮಕ್ಕಳು ಕೆಸುವಿನ ಹುಳುವೊಂದನ್ನು ಡಬ್ಬಿಯಲ್ಲಿ ಸಾಕಲಿ. ಕಾರವಾರದಲ್ಲಿ ಒಬ್ಬ ಅಧಿಕಾರಿ ಮಾಡಿದ ಕೆಲಸವನ್ನು ನೂರು ಮನೆಗಳು ಹಂಚಿಕೊಂಡು ಮುಂದುವರಿಸಬಹುದು.

ಯಾವ ಊರಿನಲ್ಲಿ ಯಾವ ಪತಂಗವಿದೆ ಎಂಬ ಪಟ್ಟಿ ನಮ್ಮ ಕೈಯಲ್ಲಿದ್ದರೆ ನಾಳೆ ಯಾವುದು ಕಾಣೆಯಾಯಿತೆಂದು ಹೇಳಬಹುದು. ಪಟ್ಟಿಯೇ ಇಲ್ಲದಿದ್ದರೆ ಕಳೆದುಕೊಂಡದ್ದೂ ತಿಳಿಯುವುದಿಲ್ಲ.