ಅರ್ಜಿಯ ನಿರೀಕ್ಷೆಯಲ್ಲಿ ಬದುಕು ಸ್ಥಗಿತಗೊಳ್ಳದಿರಲಿ

(ವಿಜಯಪುರದಲ್ಲಿ ನಡೆದ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)





ಇಂದು ನಮ್ಮ ಮುಂದಿರುವ ವಿಷಯವು ಮೇಲ್ನೋಟಕ್ಕೆ ಕೆಲವೇ ಮನೆಗಳಿಗೆ ಸಂಬಂಧಿಸಿದ್ದೆಂದು ತೋರಬಹುದು. ಆದರೆ ಮಗನೋ ಅಳಿಯನೋ ಹೊರದೇಶದ ಖಾಯಂ ವಾಸಕ್ಕೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿರುವ ಮನೆಗಳು ವಿಜಯಪುರದ ಮೊಹಲ್ಲಾಗಳಲ್ಲಿ ಇಂದು ಅಪರೂಪವಲ್ಲ. ತಿಕೋಟಾ, ಬಬಲೇಶ್ವರಗಳಲ್ಲಿಯೂ ಅಂತಹ ಮನೆಗಳಿವೆ. ಆ ಮನೆಗಳಲ್ಲಿ ಒಂದು ಕಡತದ ನಿರೀಕ್ಷೆಯು ನಿಧಾನವಾಗಿ ಇಡೀ ಸಂಸಾರವನ್ನು ಆವರಿಸಿಕೊಳ್ಳುತ್ತದೆ. ಈ ನಿರೀಕ್ಷೆಯ ಸ್ವರೂಪವೇನು, ಅದನ್ನು ನಾವು ಹೇಗೆ ಎದುರಿಸಬೇಕು ಎಂಬುದನ್ನು ಸ್ವಲ್ಪ ವಿವರವಾಗಿ ಯೋಚಿಸೋಣ.

ಊರು ಬಿಟ್ಟು ಹೋಗುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಬರಗಾಲದ ವರ್ಷಗಳಲ್ಲಿ ಗೋವಾ, ಪುಣೆ, ಮುಂಬಯಿಗಳಿಗೆ ಗುಳೆ ಹೋದವರ ಮಕ್ಕಳು ನಮ್ಮ ನಡುವೆ ಇದ್ದಾರೆ. ಗಂಟು ಕಟ್ಟಿ ಬಸ್ಸು ಹತ್ತಿದ ಆ ಜನರಿಗೆ ಯಾವ ಅರ್ಜಿಯೂ ಇರಲಿಲ್ಲ. ಅನಂತರ ಗಲ್ಫ್ ದೇಶಗಳ ಕಾಲ ಬಂತು. ಅಲ್ಲಿ ಕೆಲಸ ಕೊಡುವ ಮಾಲೀಕನೇ ವೀಸಾ ಕಳುಹಿಸುತ್ತಿದ್ದನು. ನಿರೀಕ್ಷೆ ಇದ್ದರೂ ಅದಕ್ಕೊಂದು ಕೊನೆ ಕಾಣುತ್ತಿತ್ತು. ಈಗಿನದು ಮೂರನೆಯ ಬಗೆ. ಸಿಕ್ಯಾಬ್, ಅಲ್-ಅಮೀನ್, ಬಿಎಲ್‌ಡಿಇಯಂತಹ ಸಂಸ್ಥೆಗಳಲ್ಲಿ ಕಲಿತ ಇಂಜಿನಿಯರುಗಳು, ನರ್ಸುಗಳು, ತಂತ್ರಜ್ಞರು ಕೆನಡಾ, ಆಸ್ಟ್ರೇಲಿಯಾ, ಜರ್ಮನಿಗಳತ್ತ ನೋಡುತ್ತಿದ್ದಾರೆ. ಇಲ್ಲಿ ಆ ದೇಶದ ಸರಕಾರವೇ ನಮ್ಮ ಮಕ್ಕಳ ವಯಸ್ಸು, ವಿದ್ಯೆ, ಭಾಷೆ, ಅನುಭವಗಳನ್ನು ತೂಗಿ ನೋಡುತ್ತದೆ. ತೂಕದ ಕಲ್ಲನ್ನು ಮಾತ್ರ ಅದು ಆಗಾಗ ಬದಲಿಸುತ್ತಿರುತ್ತದೆ.

ಕೆನಡಾದ ಉದಾಹರಣೆಯನ್ನು ತೆಗೆದುಕೊಳ್ಳೋಣ. 2015ರ ಜನವರಿಯಿಂದ ಅಲ್ಲಿ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ವ್ಯವಸ್ಥೆ ಜಾರಿಯಲ್ಲಿದೆ. ನುರಿತ ಕೆಲಸಗಾರನು ಮೊದಲು ತನ್ನ ವಿವರಗಳನ್ನು ನೀಡಿ ಒಂದು ಪಟ್ಟಿಗೆ ಸೇರುತ್ತಾನೆ. ಗರಿಷ್ಠ 1200 ಅಂಕಗಳ ಲೆಕ್ಕದಲ್ಲಿ ಅವನಿಗೆ ಅಂಕ ದೊರೆಯುತ್ತದೆ. ಹೆಚ್ಚು ಅಂಕವುಳ್ಳವರಿಗೆ ಆಗಾಗ ಆಹ್ವಾನ ಬರುತ್ತದೆ. ಆಹ್ವಾನ ಬಂದ 60 ದಿನಗಳೊಳಗೆ ಎಲ್ಲ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಬೇಕು. ಸಲ್ಲಿಸಿದ ಅರ್ಜಿಗಳಲ್ಲಿ ಬಹುಪಾಲನ್ನು 6 ತಿಂಗಳಲ್ಲಿ ಇತ್ಯರ್ಥಪಡಿಸುವುದು ತಮ್ಮ ಗುರಿಯೆಂದು ಆ ಇಲಾಖೆಯು ಹೇಳುತ್ತದೆ.

ಕೇಳಲು ಇದು ಸರಳ. ಆದರೆ ಆಹ್ವಾನ ಯಾವಾಗ ಬರುತ್ತದೆ, ಬರುತ್ತದೆಯೇ ಇಲ್ಲವೇ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. 12 ತಿಂಗಳಲ್ಲಿ ಆಹ್ವಾನ ಬಾರದಿದ್ದರೆ ಹೆಸರು ಪಟ್ಟಿಯಿಂದ ತಾನಾಗಿಯೇ ಹೋಗುತ್ತದೆ, ಹೊಸದಾಗಿ ಸೇರಬೇಕು. ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ 2 ವರ್ಷ ಮಾತ್ರ ಬೆಲೆ. 30 ತುಂಬಿದ ಮೇಲೆ ವಯಸ್ಸಿನ ಅಂಕವು ವರ್ಷ ವರ್ಷವೂ ಇಳಿಯುತ್ತದೆ. ಸುಮ್ಮನೆ ಕಾಯುತ್ತಿರುವ ಯುವಕನು ತಾನು ಸಾಲಿನಲ್ಲಿ ಮುಂದೆ ಸರಿಯುತ್ತಿದ್ದೇನೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ಅವನು ಹಿಂದೆ ಸರಿಯುತ್ತಿರುತ್ತಾನೆ.

ಇನ್ನು ವ್ಯವಸ್ಥೆಯೇ ನಿಂತು ಹೋದಾಗ? ಕೋವಿಡ್ ಕಾಲದಲ್ಲಿ ಹಾಗೆಯೇ ಆಯಿತು. ನಮ್ಮಂತೆ ಹೊರಗಿನಿಂದ ಅರ್ಜಿ ಹಾಕುವವರ ಮುಖ್ಯ ದಾರಿಯಾದ ‘ಫೆಡರಲ್ ಸ್ಕಿಲ್ಡ್ ವರ್ಕರ್’ ವಿಭಾಗಕ್ಕೆ 2020ರ ಡಿಸೆಂಬರ್ ಕೊನೆಯಿಂದ 2022ರ ಜುಲೈವರೆಗೆ, ಅಂದರೆ ಒಂದೂವರೆ ವರ್ಷ, ಆಹ್ವಾನಗಳೇ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೆನಡಾ ಸರಕಾರವು 2025ರಲ್ಲಿ ಖಾಯಂ ವಾಸಕ್ಕೆ ತೆಗೆದುಕೊಳ್ಳುವವರ ಗುರಿಯನ್ನು 5 ಲಕ್ಷದಿಂದ 3,95,000ಕ್ಕೆ ಇಳಿಸಿತು.

ಇದಕ್ಕಿಂತಲೂ ಕಠೋರವಾದ ಪ್ರಸಂಗವೊಂದಿದೆ. ಪಾಲಕರು ಅದನ್ನು ತಿಳಿದಿರಬೇಕು. ಎಕ್ಸ್‌ಪ್ರೆಸ್ ಎಂಟ್ರಿಗೆ ಮೊದಲು ಕೆನಡಾದಲ್ಲಿ ಅರ್ಜಿಗಳು ರಾಶಿ ಬಿದ್ದಿದ್ದವು. 2012ರಲ್ಲಿ ಅಲ್ಲಿನ ಸರಕಾರವು ಒಂದು ಕಾನೂನು ಮಾಡಿತು. ನುರಿತ ಕೆಲಸಗಾರರು 2008ರ ಫೆಬ್ರವರಿ 27ಕ್ಕಿಂತ ಮೊದಲು ಸಲ್ಲಿಸಿದ್ದ, 2012ರ ಮಾರ್ಚ್ 29ರ ಹೊತ್ತಿಗೆ ಆಯ್ಕೆಯ ತೀರ್ಮಾನವಾಗದೆ ಉಳಿದಿದ್ದ ಅರ್ಜಿಗಳನ್ನೆಲ್ಲ ಅದು ಒಮ್ಮೆಗೇ ರದ್ದುಪಡಿಸಿತು. ಅವಲಂಬಿತರೂ ಸೇರಿ ಸುಮಾರು 2,80,000 ಜನರ ಭವಿಷ್ಯ ಆ ಕಡತಗಳಲ್ಲಿತ್ತು. ಅವರ ಶುಲ್ಕವನ್ನು ಹಿಂದಿರುಗಿಸಲಾಯಿತು. ಕೆಲವರು ನ್ಯಾಯಾಲಯದ ಮೆಟ್ಟಿಲೇರಿದರು, ಕಾನೂನು ಉಳಿಯಿತು. ಆಸ್ಟ್ರೇಲಿಯಾ ಕೂಡ 2010ರ ಫೆಬ್ರವರಿಯಲ್ಲಿ, 2007ರ ಸೆಪ್ಟೆಂಬರ್‌ಗಿಂತ ಹಿಂದಿನ ಸುಮಾರು 20,000 ಅರ್ಜಿಗಳನ್ನು ಇದೇ ರೀತಿ ಕೊನೆಗೊಳಿಸುವುದಾಗಿ ಘೋಷಿಸಿತ್ತು. ಶುಲ್ಕವೇನೋ ಮರಳಿತು. ಆದರೆ ನಾಲ್ಕೈದು ವರ್ಷ ಕಾದ ಮನೆಗಳ ಆ ವರ್ಷಗಳನ್ನು ಯಾರು ಹಿಂದಿರುಗಿಸಬೇಕು?

ಅಮೆರಿಕದಲ್ಲಿ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳು ವರ್ಷಕ್ಕೆ ಸುಮಾರು 1,40,000 ಇದ್ದು, ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇಕಡಾ 7ರ ಮಿತಿಯಿದೆ. ಅರ್ಜಿದಾರರು ಅತಿ ಹೆಚ್ಚಿರುವ ಭಾರತದವರು ಇದರಿಂದಾಗಿ ಹತ್ತು ವರ್ಷಗಳಿಗೂ ಮಿಕ್ಕಿ ಕಾಯುತ್ತಿದ್ದಾರೆ. ಬ್ರಿಟನ್ ವೃದ್ಧರ, ರೋಗಿಗಳ ಆರೈಕೆಗಾಗಿ ಹೊರದೇಶಗಳಿಂದ ಕೆಲಸಗಾರರನ್ನು ಕರೆಸಿಕೊಂಡಿತು. 2025ರ ಜುಲೈ 22ರಂದು ಆ ದಾರಿಯನ್ನು ಹೊಸಬರಿಗೆ ಮುಚ್ಚಿತು. ಅದೇ ವೇಳೆಗೆ ಜರ್ಮನಿಯ ಬಾಗಿಲು ತೆರೆದಿತ್ತು. ನುರಿತ ಭಾರತೀಯರಿಗೆ ವರ್ಷಕ್ಕೆ 20,000ದಷ್ಟಿದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ ಅದು 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಈ ಬಾಗಿಲುಗಳು ಆಯಾ ದೇಶದ ಅಗತ್ಯಕ್ಕೆ, ಅಲ್ಲಿನ ಚುನಾವಣೆಗಳ ಗಾಳಿಗೆ ತಕ್ಕಂತೆ ತೆರೆದು ಮುಚ್ಚುತ್ತವೆ. ಕಾಯುತ್ತಿರುವ ಹುಡುಗನ ಯೋಗ್ಯತೆಗೂ ಅದಕ್ಕೂ ಸಂಬಂಧ ಕಡಿಮೆ.

ಇದನ್ನು ಅರಿಯಲು ವಿಜಯಪುರದವರಿಗೆ ದೂರದ ಉದಾಹರಣೆ ಬೇಕಿಲ್ಲ. ನಮ್ಮ ನಗರವೂ ಒಂದು ಕಾಲದಲ್ಲಿ ಹೊರಗಿನ ಕುಶಲಿಗಳು ಹುಡುಕಿಕೊಂಡು ಬರುತ್ತಿದ್ದ ನಗರವಾಗಿತ್ತು. ಆದಿಲ್‌ಶಾಹಿ ಸಂಸ್ಥಾಪಕ ಯೂಸುಫ್ ಆದಿಲ್ ಖಾನನೇ ಹೊರನಾಡಿನಿಂದ ಬಂದವನು. ಇತಿಹಾಸಕಾರ ಫರಿಶ್ತಾ ಕ್ಯಾಸ್ಪಿಯನ್ ಸಮುದ್ರದ ತೀರದ ಅಸ್ತರಾಬಾದಿನಲ್ಲಿ ಹುಟ್ಟಿ, ಅಹ್ಮದ್‌ನಗರದಲ್ಲಿದ್ದು, 1589ರಲ್ಲಿ ಇಲ್ಲಿಗೆ ಬಂದು ಎರಡನೆಯ ಇಬ್ರಾಹೀಮ್ ಆದಿಲ್‌ಶಾಹನ ಆಶ್ರಯ ಪಡೆದನು. ನಾವು ದಿನವೂ ನೋಡುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ಕುಶಲಿಯ ಹೆಸರಿನ ಕೊನೆಯಲ್ಲಿಯೂ ತುರ್ಕಿ ಸೀಮೆಯನ್ನು ಸೂಚಿಸುವ ‘ರೂಮಿ’ ಎಂಬ ಪದವಿದೆ. ಹೀಗೆ ಬಂದವರನ್ನು ಆಫಾಕಿಗಳೆಂದೂ ಇಲ್ಲಿಯವರನ್ನು ದಖ್ಖನಿಗಳೆಂದೂ ಕರೆಯುತ್ತಿದ್ದರು. 1534ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಇಬ್ರಾಹೀಮನು ಆಫಾಕಿಗಳಲ್ಲಿ ಹೆಚ್ಚಿನವರನ್ನು ಸೇವೆಯಿಂದ ತೆಗೆದು ದಖ್ಖನಿಗಳಿಗೆ ಸ್ಥಾನ ಕೊಟ್ಟನು. ಅವನ ಮಗ ಅಲಿ ಆದಿಲ್‌ಶಾಹನು 1558ರ ಬಳಿಕ ಹೊರಗಿನವರಿಗೆ ಮತ್ತೆ ಮನ್ನಣೆ ನೀಡಿದನು. ಆಳುವವರ ಮನಸ್ಸು ಬದಲಾದಂತೆ ಹೊರಗಿನವನ ಭಾಗ್ಯ ಬದಲಾಗುವುದು ಅಂದಿನಿಂದಲೂ ಇದೆ. ಆದುದರಿಂದ ಅರ್ಜಿ ತಡವಾದರೆ ಅಥವಾ ತಿರಸ್ಕೃತವಾದರೆ ‘ನಮ್ಮ ಹುಡುಗ ನಾಲಾಯಕ್’ ಎಂದು ಯಾವ ತಂದೆಯೂ ಹೇಳಬಾರದು.

ಈಗ ನಮ್ಮ ಮನೆಗಳೊಳಗೆ ನೋಡೋಣ. ಅರ್ಜಿ ಹಾಕಿದ ಮರುದಿನವೇ ಮಗನು ‘ಹೇಗೂ ಹೋಗುವವನಿದ್ದೇನೆ’ ಎಂದು ಇಲ್ಲಿನ ಕೆಲಸವನ್ನು ತಾತ್ಸಾರದಿಂದ ಕಾಣತೊಡಗುತ್ತಾನೆ. ತಂದೆಯು ತಿಕೋಟಾ ಅಥವಾ ಬಬಲೇಶ್ವರದ ಕಡೆಗಿರುವ ದ್ರಾಕ್ಷಿ ತೋಟದ ಮೇಲೆ ಸಾಲ ತೆಗೆಯುತ್ತಾನೆ. ವೀಸಾ ಬರುವ ದಿನ ಗೊತ್ತಿಲ್ಲ, ಬಡ್ಡಿ ಕಟ್ಟುವ ದಿನ ಮಾತ್ರ ಗೊತ್ತು. ‘ಕೆನಡಾದ ಹುಡುಗ’ ಎಂಬ ಹೆಸರಿನಲ್ಲಿ ಹೆಣ್ಣಿನ ಮನೆಯವರಿಂದ ಹಣ ಕೇಳುವವರೂ ಇದ್ದಾರೆ. ಕೈಗೆ ಬಾರದ ಕಾಗದವನ್ನು ತೋರಿಸಿ ವರದಕ್ಷಿಣೆ ಕೇಳುವುದು ಎರಡು ಪಟ್ಟು ಅನ್ಯಾಯ. ಇನ್ನು ಕೆಲವೆಡೆ ಅಣ್ಣನ ಕಡತ ತೀರ್ಮಾನವಾಗಲಿ ಎಂದು ತಂಗಿಯ ಕಾಲೇಜು ಪ್ರವೇಶವನ್ನೂ ನಿಕಾಹನ್ನೂ ಮುಂದೂಡಲಾಗುತ್ತದೆ. ಅರ್ಜಿಯಲ್ಲಿ ಹೆಸರೇ ಇಲ್ಲದ ಆ ಹೆಣ್ಣುಮಗಳು ಅದರ ಬೆಲೆಯನ್ನು ತೆರುತ್ತಾಳೆ.

ದ್ರಾಕ್ಷಿ ಬೆಳೆಗಾರನಿಗೆ ಕಾಯುವುದೆಂದರೇನೆಂದು ಚೆನ್ನಾಗಿ ಗೊತ್ತು. ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರಿನ ಸುಮಾರಿಗೆ ಮತ್ತೊಮ್ಮೆ ಬಳ್ಳಿಯನ್ನು ಸವರಿದರೆ ಹಣ್ಣು ಕೈಗೆ ಬರುವುದು ಮುಂದಿನ ವರ್ಷದ ಬೇಸಿಗೆಯ ಹೊತ್ತಿಗೆ. ಆಮೇಲೆ ಅದು ಶೆಡ್ಡಿನ ನೆರಳಿನಲ್ಲಿ ದಿನಗಟ್ಟಲೆ ಒಣಗಿ ಒಣದ್ರಾಕ್ಷಿಯಾಗಬೇಕು. ಅಷ್ಟರಲ್ಲಿ ಅಕಾಲಿಕ ಮಳೆ ಬಂದರೆ ಎಲ್ಲವೂ ಹಾಳು. ಆದರೂ ಅವನು ಆ ತಿಂಗಳುಗಳಲ್ಲಿ ನೀರು, ಗೊಬ್ಬರ, ಔಷಧಿ ಎಂದು ದಿನವೂ ತೋಟದಲ್ಲಿರುತ್ತಾನೆ. ನಾವು ಸಬ್ರ್ ಎಂದು ಕರೆಯುವುದು ಇದನ್ನೇ. ಮೊಬೈಲಿನಲ್ಲಿ ಗಂಟೆಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೋಡುತ್ತಾ ಕೂರುವುದಕ್ಕೆ ಆ ಹೆಸರು ಸಲ್ಲದು.

ಹಾಗಾದರೆ ಮಾಡಬೇಕಾದುದೇನು? ಕೆಲವು ವಿಷಯಗಳನ್ನು ನಿಮ್ಮ ಮುಂದಿಡುತ್ತೇವೆ.

ಒಂದು, ಕಡತವನ್ನು ಸ್ವತಃ ಓದಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಹಮ್ಮದ’, ಪದವಿ ಪತ್ರದಲ್ಲಿ ‘ಮೊಹಮ್ಮದ್’, ಪಾಸ್‌ಪೋರ್ಟಿನಲ್ಲಿ ‘ಎಂ.ಡಿ.’ ಎಂದಿದ್ದರೆ ಮೂವರೂ ಒಬ್ಬನೇ ಎಂದು ದೂರದ ಅಧಿಕಾರಿಗೆ ಹೇಗೆ ತಿಳಿಯಬೇಕು? ಮನೆತನದ ಹೆಸರು ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದೂ ಸಾಮಾನ್ಯ. ಇದನ್ನು ಅರ್ಜಿಗೆ ಮೊದಲೇ ಸರಿಪಡಿಸಬೇಕು.

ಎರಡು, ನಿಕಾಹಿನ ದಾಖಲೆ. ಉರ್ದುವಿನ ನಿಕಾಹ್‌ನಾಮೆಗೆ ಪ್ರಮಾಣೀಕೃತ ಅನುವಾದ ಬೇಕಾಗುತ್ತದೆ. ವಕ್ಫ್ ಮಂಡಳಿಯ ಮೂಲಕ ವಿವಾಹ ಪ್ರಮಾಣಪತ್ರ ನೀಡಲು ರಾಜ್ಯ ಸರಕಾರವು 2023ರ ಆಗಸ್ಟ್‌ನಲ್ಲಿ ಆದೇಶಿಸಿತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಈ ವಾದವಿವಾದದ ನಡುವೆ ಸಿಲುಕುವುದಕ್ಕಿಂತ, 1976ರ ಕರ್ನಾಟಕ ವಿವಾಹ ನೋಂದಣಿ ಕಾಯಿದೆಯಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಕ್ಷೇಮ.

ಮೂರು, ಏನನ್ನೂ ಮುಚ್ಚಿಡಬೇಡಿ. ಕಾಯುವ ಅವಧಿಯಲ್ಲಿ ಮದುವೆಯಾದರೆ, ಮಗು ಹುಟ್ಟಿದರೆ ಕೂಡಲೇ ತಿಳಿಸಬೇಕು. ‘ಅವಿವಾಹಿತನೆಂದರೆ ಅಂಕ ಹೆಚ್ಚು’ ಎಂಬ ಮಾತಿಗೆ ಮರುಳಾಗಿ ಹೆಂಡತಿಯ ಹೆಸರನ್ನು ಬಿಟ್ಟರೆ, ಮುಂದೆ ಅವಳನ್ನು ಕರೆಸಿಕೊಳ್ಳುವ ಹಕ್ಕೇ ತಪ್ಪಿ ಹೋಗಬಹುದು. ಕೆನಡಾದ ನಿಯಮ ಅಷ್ಟು ಕಠಿಣವಾಗಿದೆ. ಸುಳ್ಳು ಅನುಭವ ಪತ್ರ ಸಿಕ್ಕಿಬಿದ್ದರೆ ಆ ದೇಶಕ್ಕೆ 5 ವರ್ಷ ಪ್ರವೇಶವಿಲ್ಲ. ಸುಳ್ಳು ಸಾಕ್ಷ್ಯದ ಬಗ್ಗೆ ನಮ್ಮ ಧರ್ಮ ಏನು ಹೇಳುತ್ತದೆಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ.

ನಾಲ್ಕು, ಮಧ್ಯವರ್ತಿಗಳು. ಗಲ್ಫಿನಂತಹ ಕಡೆ ಕೆಲಸ ಕೊಡಿಸುವ ಏಜೆಂಟರಿಗೆ 1983ರ ವಲಸೆ ಕಾಯಿದೆಯಡಿ ನೋಂದಣಿ ಕಡ್ಡಾಯ. ಅವರು ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನೋಂದಣಿ ಇದೆಯೇ ಎಂಬುದನ್ನು ಕೇಂದ್ರ ಸರಕಾರದ ‘ಇ-ಮೈಗ್ರೇಟ್’ ತಾಣದಲ್ಲಿ ನೋಡಬಹುದು. ಕೆನಡಾದ ಅರ್ಜಿಗೆ ಹಣ ಪಡೆದು ಸಲಹೆ ನೀಡುವ ಅಧಿಕಾರ ಅಲ್ಲಿನ ವಕೀಲರಿಗೆ, ಪರವಾನಗಿ ಹೊಂದಿದ ಸಲಹೆಗಾರರಿಗೆ ಇದೆ. ‘ಒಳಗೆ ನಮ್ಮವರಿದ್ದಾರೆ, ಬೇಗ ಮಾಡಿಸುತ್ತೇವೆ’ ಎನ್ನುವವನನ್ನು ಬಾಗಿಲಿನಿಂದಲೇ ಹಿಂದೆ ಕಳುಹಿಸಿ.

ಐದು, ಇಲ್ಲಿನ ಕೆಲಸವನ್ನು ಬಿಡಬೇಡಿ. ಕೆಲಸದ ಅನುಭವವೇ ಅಂಕ ತರುತ್ತದೆ. ಅರ್ಜಿ ಬಿದ್ದು ಹೋದರೆ ಅದೇ ಅನ್ನ ಕೊಡುತ್ತದೆ. ಜರ್ಮನ್ ಅಥವಾ ಫ್ರೆಂಚ್ ಕಲಿತರೆ ಇನ್ನೊಂದು ಬಾಗಿಲು ತೆರೆಯಬಹುದು. ಪಾಲಕರು ಮಗನೊಂದಿಗೆ ಕುಳಿತು ಒಂದು ಗಡುವನ್ನೂ ನಿಶ್ಚಯಿಸಬೇಕು: ಇಷ್ಟು ವರ್ಷ, ಇಷ್ಟು ಹಣ, ಇದಕ್ಕೆ ಮೀರಿದರೆ ಬೇರೆ ದಾರಿ. ಈ ಗಡುವು ಮನೆಯ ಹೆಣ್ಣುಮಕ್ಕಳಿಗೂ ತಿಳಿದಿರಲಿ.

ಸರಕಾರದ ಹೊಣೆಯನ್ನೂ ಹೇಳದೆ ಇರುವಂತಿಲ್ಲ. ಹೊರದೇಶದ ಉದ್ಯೋಗಕ್ಕೆ ನೆರವಾಗಲು ರಾಜ್ಯ ಸರಕಾರವು ಅಂತಾರಾಷ್ಟ್ರೀಯ ವಲಸೆ ಕೇಂದ್ರವನ್ನು ಸ್ಥಾಪಿಸಿದೆ. ಅದರ ಸೇವೆ ಜಿಲ್ಲಾ ಕೇಂದ್ರಗಳಿಗೂ ಸರಿಯಾಗಿ ತಲುಪಿದರೆ ಮಧ್ಯವರ್ತಿಗಳ ಹಾವಳಿ ತಗ್ಗುತ್ತದೆ. ನಮ್ಮ ಜನಪ್ರತಿನಿಧಿಗಳು ಮತ ಕೇಳಲು ಬಂದಾಗ ಈ ಬೇಡಿಕೆಯನ್ನೂ ಅವರ ಮುಂದಿಡಬೇಕು. ವಿದ್ಯಾವಂತ ಯುವಕರಿಗೆ ಜಿಲ್ಲೆಯಲ್ಲಿಯೇ ಯೋಗ್ಯ ಕೆಲಸ ಏಕೆ ಸಿಗುತ್ತಿಲ್ಲ ಎಂಬ ಪ್ರಶ್ನೆಯನ್ನು ಅದಕ್ಕೂ ಮೊದಲು ಕೇಳಬೇಕು.

ಸರಕಾರ ಮಾಡುವವರೆಗೆ ನಾವು ಮಾಡಬಹುದಾದುದೂ ಇದೆ. ನಮ್ಮ ನಗರದಲ್ಲಿ ಹೊರದೇಶಗಳಲ್ಲಿ ದುಡಿದು ಮರಳಿದವರಿದ್ದಾರೆ, ವಕೀಲರಿದ್ದಾರೆ, ಉಪನ್ಯಾಸಕರಿದ್ದಾರೆ. ಮೊಹಲ್ಲಾ ಜಮಾಅತ್‌ಗಳು ತಿಂಗಳಿಗೊಂದು ಭಾನುವಾರ ಇವರಲ್ಲಿ ಇಬ್ಬರನ್ನು ಕೂರಿಸಿ, ಯುವಕರ ದಾಖಲೆಗಳನ್ನು ನೋಡಿ ಸಲಹೆ ನೀಡುವ ವ್ಯವಸ್ಥೆ ಮಾಡಲಿ. ತಿಕೋಟಾ, ಬಬಲೇಶ್ವರದವರೂ ಅದಕ್ಕೆ ಬರಲಿ. ಇದಕ್ಕೆ ಬೇಕಾದುದು ಒಂದು ಕೋಣೆ, ಎರಡು ಕುರ್ಚಿ ಮತ್ತು ಸಮಯ ಕೊಡುವ ಮನಸ್ಸು. ಈ ಸಭೆ ಮುಗಿದು ನೀವು ಏಳುವ ಮೊದಲು, ಸಮಯ ಕೊಡಬಲ್ಲವರು ದಯವಿಟ್ಟು ತಮ್ಮ ಹೆಸರುಗಳನ್ನು ಬರೆಸಬೇಕೆಂದು ಕೋರುತ್ತೇವೆ.