ಬೀಗ ಹಾಕಿದ ಮನೆ, ಹೆಡೆಯೆತ್ತಿದ ನಾಗ

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವ್ಯಾಕರಣದ ಪುಸ್ತಕದ ಮರೆಯಲ್ಲಿ ಇಂಗ್ಲಿಷ್ ಕಾದಂಬರಿಯೊಂದನ್ನು ಓದುತ್ತಿದ್ದಳು. ಕೈಯಿಂದ ತೆಗೆದುಕೊಂಡು ನೋಡಿದೆ. ಬೇಕಾದಾಗ ಮನುಷ್ಯನಾಗಿ, ಬೇಕಾದಾಗ ಬೆಂಕಿಯುಗುಳುವ ಮಹಾಸರ್ಪವಾಗಿ ರೂಪ ಬದಲಿಸುವ ಒಬ್ಬ ರಾಜಕುಮಾರ. ಸೆರೆಯಲ್ಲಿದ್ದ ಒಬ್ಬ ತರುಣಿ. ಅವಳನ್ನು ಬಿಡಿಸಿ ತಂದು ಅವನು ಪ್ರೀತಿಸುವ ಕಥೆ. ಗದರಬೇಕೆಂದಿದ್ದವನು ನಕ್ಕುಬಿಟ್ಟೆ. "ಇದು ನಮ್ಮಜ್ಜಿ ಹೇಳುತ್ತಿದ್ದ ಕಥೆ ಕಣಮ್ಮ!" ಎಂದೆ. ಅವಳು ನಂಬಲಿಲ್ಲ. ಅಂದು ಅವಳಿಗೆ ಹೇಳಿದ್ದನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ನಮ್ಮೂರು ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿ. ಗಂಡಸರು ಉಂಡು ಜಗಲಿಗೆ ಹೋದ ಮೇಲೆ ಒಲೆಯ ಮುಂದೆ ಅಜ್ಜಿ ಈ ಕಥೆ ತೆಗೆಯುತ್ತಿದ್ದಳು. ಹೊಸದಾಗಿ ಮದುವೆಯಾದವನೊಬ್ಬ ಹೆಂಡತಿಯನ್ನು ಒಳಗಿಟ್ಟು, ಹೊರಗಿನಿಂದ ಬೀಗ ಜಡಿದು, ಬೇರೊಬ್ಬಳ ಮನೆಗೆ ಹೋಗುತ್ತಾನೆ. ಕನಿಕರಗೊಂಡ ಮುದುಕಿಯೊಬ್ಬಳು ಗಂಡನನ್ನು ಒಲಿಸಿಕೊಳ್ಳಲು ಬೇರು ಕೊಡುತ್ತಾಳೆ. ಅದನ್ನು ಅಡುಗೆಗೆ ಬೆರೆಸಿದರೆ ಅಡುಗೆ ರಕ್ತದಂತೆ ಕೆಂಪಾಗುತ್ತದೆ. ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನುಂಡ ನಾಗರಾಜ ಅವಳಿಗೆ ಮನಸೋತು, ರಾತ್ರಿಯಾದರೆ ಅವಳ ಗಂಡನ ರೂಪವನ್ನೇ ತಾಳಿ ಬರುತ್ತಾನೆ.

ಇದು ಒಂದು ಮನೆಯ ಕಥೆಯಲ್ಲ. ವಿದ್ವಾಂಸರಾದ ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳಿಂದ ಗಿರೀಶ ಕಾರ್ನಾಡರು 'ನಾಗಮಂಡಲ' ನಾಟಕವನ್ನು ಕಟ್ಟಿದರು. ಅದು 1988ರ ನಾಟಕ. 1993ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದ ಗಥ್ರಿ ರಂಗಮಂದಿರದಲ್ಲಿ ಇಂಗ್ಲಿಷಿನಲ್ಲಿ ಆಡಿದರು. 1997ರಲ್ಲಿ ಟಿ. ಎಸ್. ನಾಗಾಭರಣರು ಚಲನಚಿತ್ರ ಮಾಡಿದರು. ಗಂಡನೂ ನಾಗನೂ ಪ್ರಕಾಶ್ ರಾಜ್ ಒಬ್ಬರೇ.

ನಮ್ಮ ಭಾಷೆಗೆ ಈ ಗುಟ್ಟು ಮೊದಲೇ ಗೊತ್ತಿತ್ತೆನ್ನಬೇಕು. 'ಭುಜಂಗ' ಎಂದರೆ ಹಾವೂ ಹೌದು, ವಿಟನೂ ಹೌದು. 'ಭೋಗ' ಎಂದರೆ ಸುಖವೂ ಹೌದು, ಹಾವಿನ ಹೆಡೆಯೂ ಹೌದು. ದೊಡ್ಡಬಳ್ಳಾಪುರದ ಕಡೆಯ ಘಾಟಿ ಸುಬ್ರಹ್ಮಣ್ಯವನ್ನು ತಾವು ನೋಡಿರಬಹುದು. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ಮುಖ ಕಾಣಲೆಂದು ಕನ್ನಡಿ ಇಟ್ಟಿದ್ದಾರೆ. ನಾಟಕದ ರಾಣಿಯೂ ಒಮ್ಮೆ ಕನ್ನಡಿಯಲ್ಲಿ ಗಂಡನ ಬದಲು ಹಾವನ್ನು ಕಂಡು ಬೆಚ್ಚುತ್ತಾಳೆ. ಹಗಲು ಸಿಡುಕುವವನು, ರಾತ್ರಿ ಮುದ್ದಿಸುವವನು: ಯಾವುದು ನಿಜವಾದ ಮುಖ?

ಇಷ್ಟು ಹೇಳಿದಾಗ ಆ ಹುಡುಗಿ ಕೇಳಿದಳು: "ಸಾರ್, ಬೀಗ ತೆಗೆದವರು ಯಾರು?"

ಕಥೆಯ ಜೀವ ಈ ಪ್ರಶ್ನೆಯಲ್ಲಿದೆ. ನಾಗರಾಜ ಬೀಗ ಒಡೆಯಲಿಲ್ಲ. ನಾಟಕದಲ್ಲಿ ಅವನು ಬಚ್ಚಲ ಮೋರಿಯಿಂದ ಒಳಗೆ ಬರುತ್ತಾನೆ, ಅಲ್ಲಿಂದಲೇ ಹೋಗುತ್ತಾನೆ. ಪ್ರೀತಿ ಕೊಟ್ಟ, ಆದರೆ ತಾನು ಯಾರೆಂದು ಹೇಳಲಿಲ್ಲ. ಬೀಗ ಇದ್ದಲ್ಲೇ ಇತ್ತು. ರಾಣಿ ಬಸಿರಾದಳು. ಗಂಡ ಪಂಚಾಯಿತಿಗೆ ಎಳೆದ. ಊರಿನ ಮುಂದೆ ಅವಳು ಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡಿದಳು: ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ತಾನು ಮುಟ್ಟಿಲ್ಲವೆಂದು. ಮಾತು ಅಕ್ಷರಶಃ ನಿಜ. ನಾಗ ಅವಳ ತಲೆಯ ಮೇಲೆ ಹೆಡೆಯನ್ನು ಕೊಡೆಯಂತೆ ಹಿಡಿಯಿತು. ಅಂದಿನಿಂದ ಅವಳ ಮಾತಿಗೆ ಎದುರಾಡುವವರಿಲ್ಲ. ಬೀಗ ತೆಗೆದದ್ದು ಅವಳ ಮಾತು. ನಾಗ ಮಾಡಿದ್ದು ಇಷ್ಟೇ: ಅವಳು ಆಡುವಾಗ ಕಚ್ಚಲಿಲ್ಲ, ನೆರಳಾದ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಗೆ ಬೀಗ ಇಲ್ಲ ಸಾರ್. ಆದರೆ ಹತ್ತನೆಯದು ಮುಗಿದರೆ ಸಾಕು, ಮುಂದೆ ಓದು ಬೇಡ ಅಂತಾರೆ" ಎಂದಳು.

ಅವಳ ತಂದೆಯವರನ್ನು ಕರೆಸಿ ನಾನೇ ಬುದ್ಧಿ ಹೇಳುತ್ತೇನೆಂದು ಹೊರಟೆ. "ಬೇಡಿ ಸಾರ್, ನಾನೇ ಹೇಳುತ್ತೇನೆ. ನೀವು ಜೊತೆಗಿದ್ದರೆ ಸಾಕು" ಎಂದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಂದು ಪಾಠವಾಯಿತು. ಭಾನುವಾರ ಅವರ ಮನೆಗೆ ಹೋಗಿ, ಕೊಟ್ಟ ಕಾಫಿ ಕುಡಿದು, ಒಂದು ಮಾತೂ ಆಡದೆ ಕುಳಿತಿದ್ದೆ. ಮಾತೆಲ್ಲ ಅವಳದೇ. ತಂದೆ ಮೊದಲು ಗೊಣಗಿದರು. ಆಮೇಲೆ, "ಎರಡು ವರ್ಷ ಓದಲಿ, ನೋಡೋಣ" ಎಂದರು. ಈಗ ಅವಳು ಹೊಸಕೋಟೆಯಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ.

ತಮ್ಮ ಮನೆಯಲ್ಲೂ ಮಕ್ಕಳು ಇಂಥ ಕಾದಂಬರಿಗಳನ್ನು ಓದುತ್ತಿರಬಹುದು. ಕಸಿದುಕೊಳ್ಳಬೇಡಿ. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿ: ಬೀಗ ತೆಗೆದವರು ಯಾರು? ಅವರು ಉತ್ತರ ಹೇಳುವಾಗ ನಡುವೆ ಬಾಯಿ ಹಾಕದಿದ್ದರೆ ಅಷ್ಟೇ ಸಾಕು.